ಎಚ್-ಇಂಡೆಕ್ಸ್ 40, ಲೈನ್ ಮನೆಗೆ ಸಿಕ್ಕಿದ್ದೆಷ್ಟು?

ಸೆಪ್ಟೆಂಬರ್ ಬಂತೆಂದರೆ ಪತ್ರಿಕೆಗಳ ಜಿಲ್ಲಾ ಪುಟಗಳಲ್ಲಿ ಒಂದೇ ಅಚ್ಚಿನ ಸುದ್ದಿಗಳು ಸಾಲುಗಟ್ಟುತ್ತವೆ. ಸ್ಟ್ಯಾನ್‌ಫರ್ಡ್ ಹೆಸರಿನಲ್ಲಿ ಬರುವ ವಿಶ್ವದ ಶೇ 2ರಷ್ಟು ಅಗ್ರ ವಿಜ್ಞಾನಿಗಳ ಪಟ್ಟಿಯಲ್ಲಿ ಇಂಥ ಕಾಲೇಜಿನ ಇಂಥ ಪ್ರಾಧ್ಯಾಪಕರು ಸ್ಥಾನ ಪಡೆದಿದ್ದಾರೆ. ಜೊತೆಗೊಂದು ಪಾಸ್‌ಪೋರ್ಟ್ ಅಳತೆಯ ಫೋಟೊ, ಆಡಳಿತ ಮಂಡಳಿಯ ಅಭಿನಂದನೆ. ಆ ಪ್ರಾಧ್ಯಾಪಕರು ಕಂಡುಕೊಂಡದ್ದು ಏನು, ಅದರಿಂದ ಯಾರಿಗೆ ಏನಾಯಿತು ಎಂಬ ಒಂದು ಸಾಲು ಆ ಸುದ್ದಿಯಲ್ಲಿ ಸಿಗುವುದು ಅಪರೂಪ.

ಪಟ್ಟಿಯ ಬಗ್ಗೆ ಮೊದಲು ಎರಡು ಮಾತು. ಇದು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯ ಯಾರಿಗೋ ಕೊಡುವ ಪ್ರಶಸ್ತಿಯಲ್ಲ. ಅಲ್ಲಿನ ಪ್ರಾಧ್ಯಾಪಕ ಜಾನ್ ಅಯೋನಿಡಿಸ್ ಮತ್ತು ಸಂಗಡಿಗರು ಸ್ಕೋಪಸ್ ಎಂಬ ಸಂಶೋಧನಾ ಪ್ರಬಂಧಗಳ ಮಾಹಿತಿಕೋಶದ ದತ್ತಾಂಶವನ್ನು ಬಳಸಿ 2019ರಿಂದ ಪ್ರಕಟಿಸುತ್ತಿರುವ ಲೆಕ್ಕಾಚಾರ ಅದು. ಒಟ್ಟು ಉಲ್ಲೇಖಗಳು (ಅಂದರೆ ಇತರ ಪ್ರಬಂಧಗಳು ಆ ಕೆಲಸವನ್ನು ಹೆಸರಿಸಿದ್ದು), ಎಚ್-ಇಂಡೆಕ್ಸ್ ಎಂಬ ಅಳತೆ (ಅದರ ವಿವರ ಮುಂದಿದೆ), ಸಂಶೋಧಕರು ಲೇಖಕರ ಸಾಲಿನಲ್ಲಿ ಮೊದಲಿದ್ದಾರೋ ಕೊನೆಯಲ್ಲಿದ್ದಾರೋ ಎಂಬಂಥ ಅಂಶಗಳನ್ನು ಸೇರಿಸಿ ಒಂದು ಅಂಕ ತೆಗೆಯುತ್ತಾರೆ. ತಮ್ಮ ಪ್ರಬಂಧವನ್ನು ತಾವೇ ಉಲ್ಲೇಖಿಸಿಕೊಂಡದ್ದನ್ನು ಸೇರಿಸಿ ಒಂದು ಲೆಕ್ಕ, ಬಿಟ್ಟು ಇನ್ನೊಂದು ಲೆಕ್ಕ ಕೊಡುವಷ್ಟು ಪ್ರಾಮಾಣಿಕತೆ ಆ ಪಟ್ಟಿಗೆ ಇದೆ. ಅದನ್ನು ಹಾರ ತುರಾಯಿಯ ಸಂಗತಿ ಮಾಡಿದವರು ನಾವು.

ಕೊಡಗಿನಲ್ಲಿ ಈ ಮಾತು ಈಗ ಏಕೆ ಬೇಕೆಂದರೆ, ಜಿಲ್ಲೆಗೆ ವೈದ್ಯಕೀಯ ಕಾಲೇಜು, ವಿಶ್ವವಿದ್ಯಾಲಯದಂಥ ಸಂಸ್ಥೆಗಳು ಬಂದಿರುವುದೇ ಈಚೆಗೆ. ಮಡಿಕೇರಿಯ ವೈದ್ಯಕೀಯ ವಿಜ್ಞಾನ ಸಂಸ್ಥೆ ಶುರುವಾದದ್ದು 2016ರಲ್ಲಿ. ಚಿಕ್ಕಅಳುವಾರದ ಕೊಡಗು ವಿಶ್ವವಿದ್ಯಾಲಯ ಹುಟ್ಟಿದ್ದು ಅದಕ್ಕೂ ಆಮೇಲೆ, ಮತ್ತು ಸರಿಯಾಗಿ ಕಣ್ಣು ಬಿಡುವ ಮೊದಲೇ, 2025ರ ಆರಂಭದಲ್ಲಿ, ಮುಚ್ಚಬಹುದಾದ ಹೊಸ ವಿಶ್ವವಿದ್ಯಾಲಯಗಳ ಪಟ್ಟಿಯಲ್ಲಿ ಅದರ ಹೆಸರೂ ಕೇಳಿಬಂತು. ತಾನು ಇರಬೇಕು ಎಂದು ಸಾಬೀತುಪಡಿಸಬೇಕಾದ ಸಂಸ್ಥೆಗೆ ಕೈಗೆ ಬೇಗ ಸಿಗುವ ಆಧಾರ ಅಂಕಿ. ನಮ್ಮಲ್ಲಿ ಇಷ್ಟು ಪ್ರಬಂಧ, ಇಷ್ಟು ಉಲ್ಲೇಖ ಎಂದು ತೋರಿಸುವ ಒತ್ತಡ ಹೆಚ್ಚುವುದು ಸಹಜ. ಇತ್ತ ಮಾನಸಿಕ ಆರೋಗ್ಯದ ವಿಷಯದಲ್ಲಿ ಈ ಜಿಲ್ಲೆಗೆ ನಿಜವಾದ ಪ್ರಶ್ನೆಗಳಿವೆ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಮನೆ, ತೋಟ ಕಳೆದುಕೊಂಡವರು ಮಳೆಗಾಲವನ್ನು ಈಗ ಹೇಗೆ ಕಳೆಯುತ್ತಾರೆ? ಆನೆ ಬರುವ ದಾರಿಯ ಪಕ್ಕದ ಲೈನ್ ಮನೆಯಲ್ಲಿ, ಅಂದರೆ ಕಾಫಿ ತೋಟದ ಕಾರ್ಮಿಕರ ಸಾಲುಮನೆಯಲ್ಲಿ, ಮಲಗುವವರ ನಿದ್ದೆಯ ಗತಿ ಏನು? ಇವನ್ನು ಕೇಳಬಲ್ಲ ಮನೋವಿಜ್ಞಾನಿಯನ್ನು ಆರಿಸುವುದು ಹೇಗೆ? ಅರ್ಜಿಯ ಮೇಲಿರುವ ಎಚ್-ಇಂಡೆಕ್ಸ್ ನೋಡಿಯೇ?

ಎಚ್-ಇಂಡೆಕ್ಸ್ ಎಂಬುದು ಅರ್ಥವಾಗದ ಕಬ್ಬಿಣದ ಕಡಲೆಯೇನಲ್ಲ. ಒಬ್ಬರ ಪ್ರಬಂಧಗಳ ಪೈಕಿ 20 ಪ್ರಬಂಧಗಳಿಗೆ ತಲಾ 20 ಅಥವಾ ಅದಕ್ಕಿಂತ ಹೆಚ್ಚು ಉಲ್ಲೇಖ ಸಿಕ್ಕಿದ್ದು, 21 ಪ್ರಬಂಧಗಳಿಗೆ ತಲಾ 21 ಸಿಕ್ಕಿರದಿದ್ದರೆ ಅವರ ಎಚ್-ಇಂಡೆಕ್ಸ್ 20. ಅಮೆರಿಕದ ಭೌತವಿಜ್ಞಾನಿ ಹೋರ್ಹೆ ಹಿರ್ಶ್ 2005ರಲ್ಲಿ ಇದನ್ನು ಸೂಚಿಸಿದರು. ಬರೀ ಪ್ರಬಂಧಗಳ ರಾಶಿ ಹಾಕಿದವರೂ, ಒಂದೇ ಪ್ರಬಂಧದ ಅದೃಷ್ಟದಲ್ಲಿ ಮೆರೆದವರೂ ಮೇಲೇಳದಂತೆ ಮಾಡುವ ಜಾಣ ಉಪಾಯ ಅದು. ಆದರೆ ಅದು ಏರಬಲ್ಲದು, ಎಂದೂ ಇಳಿಯದು. ಸಂಶೋಧಕ ನಿವೃತ್ತನಾದರೂ, ತೀರಿಕೊಂಡರೂ ಏರುತ್ತಲೇ ಇರಬಹುದು. ವಯಸ್ಸಾದವರಿಗೆ ಹೆಚ್ಚು, ಹೊಸಬರಿಗೆ ಕಡಿಮೆ. ಈ ಅಳತೆ ಕೆಲವೊಮ್ಮೆ ಘೋರವಾಗಿ ವಿಫಲವಾಗುತ್ತದೆ ಎಂದು ಮುಂದೆ ಹಿರ್ಶ್ ಅವರೇ ಬರೆದರು. ನಮ್ಮ ನೇಮಕಾತಿ ಸಮಿತಿಗಳ ಕಿವಿಗೆ ಆ ಮಾತು ಬಿದ್ದಂತಿಲ್ಲ.

ಇನ್ನು ಇಂಪ್ಯಾಕ್ಟ್ ಫ್ಯಾಕ್ಟರ್. ಅದು ವ್ಯಕ್ತಿಯದಲ್ಲ, ಜರ್ನಲ್‌ನದು. ಹಿಂದಿನ ಎರಡು ವರ್ಷಗಳಲ್ಲಿ ಆ ಜರ್ನಲ್ ಪ್ರಕಟಿಸಿದ ಪ್ರಬಂಧಗಳಿಗೆ ಈ ವರ್ಷ ಸರಾಸರಿ ಎಷ್ಟು ಉಲ್ಲೇಖ ಬಂತು ಎಂಬ ಲೆಕ್ಕ. ಕೆಲವೇ ಪ್ರಬಂಧಗಳು ಆ ಸರಾಸರಿಯನ್ನು ಎತ್ತಿ ಹಿಡಿದಿರುತ್ತವೆ, ಉಳಿದವು ಅದರ ನೆರಳಿನಲ್ಲಿ ಹೆಸರು ಪಡೆಯುತ್ತವೆ.

ಮಾನಸಿಕ ಆರೋಗ್ಯ ಕ್ಷೇತ್ರದಲ್ಲಿ ಯಾವ ಬಗೆಯ ಕೆಲಸಕ್ಕೆ ಉಲ್ಲೇಖ ಸುರಿಯುತ್ತದೆ ಎಂಬುದನ್ನು ತಿಳಿದುಕೊಂಡರೆ ಉಳಿದ ಅರ್ಧ ಗೋಜಲು ಬಿಡಿಸಿಕೊಳ್ಳುತ್ತದೆ. ಮೊದಲನೆಯದು ಪ್ರಶ್ನಾವಳಿ. ಖಿನ್ನತೆ ಅಳೆಯುವ ಪಿಎಚ್‌ಕ್ಯೂ-9 ಎಂಬ ಒಂಬತ್ತು ಪ್ರಶ್ನೆಗಳ ಪಟ್ಟಿಯನ್ನು ಕ್ರೋಂಕೆ, ಸ್ಪಿಟ್ಜರ್ ಮತ್ತು ವಿಲಿಯಮ್ಸ್ 2001ರಲ್ಲಿ ಪ್ರಕಟಿಸಿದರು. ಜಗತ್ತಿನ ಯಾವ ಮೂಲೆಯಲ್ಲಿ ಯಾರು ಅದನ್ನು ಬಳಸಿದರೂ ಆ ಪ್ರಬಂಧವನ್ನು ಉಲ್ಲೇಖಿಸಲೇಬೇಕು. ಹೀಗಾಗಿ ಹತ್ತಾರು ಸಾವಿರ ಉಲ್ಲೇಖಗಳು. 1960ರ ಹ್ಯಾಮಿಲ್ಟನ್ ಮಾಪಕ, 1961ರ ಬೆಕ್ ಮಾಪಕದ್ದೂ ಇದೇ ಕಥೆ. ಎರಡನೆಯದು ಸಮೀಕ್ಷಾ ಪ್ರಬಂಧ, ಅಂದರೆ ಹಿಂದಿನ ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡುವಂಥದ್ದು: ನೂರು ಅಧ್ಯಯನಗಳನ್ನು ಓದುವ ಬದಲು ಎಲ್ಲರೂ ಅದೊಂದನ್ನೇ ಹೆಸರಿಸಿ ಮುಂದೆ ಹೋಗುತ್ತಾರೆ. ಮೂರನೆಯದು ರೋಗದ ಹೊರೆಯ ಅಂದಾಜು. ಭಾರತದಲ್ಲಿ 2017ರಲ್ಲಿ 19.7 ಕೋಟಿ ಜನರಿಗೆ, ಅಂದರೆ ಏಳರಲ್ಲಿ ಒಬ್ಬರಿಗೆ, ಯಾವುದಾದರೊಂದು ಮಾನಸಿಕ ತೊಂದರೆ ಇತ್ತು ಎಂಬ, ಭಾಷಣಗಳಲ್ಲಿ ಬಹಳ ಓಡಾಡುವ ಅಂಕಿ ಬಂದದ್ದು ಲ್ಯಾನ್ಸೆಟ್ ಸೈಕಿಯಾಟ್ರಿಯಲ್ಲಿ ಪ್ರಕಟವಾದ ಅಂಥ ಒಂದು ಪ್ರಬಂಧದಿಂದ. ಈ ಬಗೆಯ ಪ್ರಬಂಧಗಳಲ್ಲಿ ಲೇಖಕರೇ ಹತ್ತಾರು, ಕೆಲವೊಮ್ಮೆ ನೂರಾರು ಮಂದಿ. ಒಂದು ಉಲ್ಲೇಖ ಬಂದರೆ ಅಷ್ಟೂ ಜನರ ಖಾತೆಗೆ ಒಂದೊಂದು ಜಮೆ.

ಇವ್ಯಾವುದೂ ಮೋಸವಲ್ಲ. ಒಳ್ಳೆಯ ಮಾಪಕ, ಒಳ್ಳೆಯ ಸಮೀಕ್ಷೆ ಎಲ್ಲರಿಗೂ ಬೇಕು. ಆದರೆ ಇಷ್ಟು ಉಲ್ಲೇಖ ಎಂಬ ಅಂಕಿ ನಮಗೆ ತಿಳಿಸುವುದು ಎಷ್ಟು ಸಂಶೋಧಕರು ಆ ಕೆಲಸವನ್ನು ತಮ್ಮ ಬರಹದಲ್ಲಿ ಹೆಸರಿಸಿದರು ಎಂಬುದನ್ನು ಮಾತ್ರ. ಒಪ್ಪಿ ಹೆಸರಿಸಿದರೋ, ತಪ್ಪೆಂದು ತೋರಿಸಲು ಹೆಸರಿಸಿದರೋ ಎಂಬ ಭೇದವೂ ಅದರಲ್ಲಿಲ್ಲ. ಖಿನ್ನತೆಗೆ ಸಿರೊಟೋನಿನ್ ಕೊರತೆಯೇ ಕಾರಣ ಎನ್ನಲು ಪುರಾವೆ ಸಾಲದು ಎಂದ 2022ರ ಒಂದು ಸಮೀಕ್ಷಾ ಪ್ರಬಂಧದ ಸುತ್ತ ದೊಡ್ಡ ಜಗಳವೇ ನಡೆಯಿತು. ಮೆಚ್ಚಿದವರ ಉಲ್ಲೇಖ, ಖಂಡಿಸಿದವರ ಉಲ್ಲೇಖ ಎರಡೂ ಸೇರಿ ಒಂದೇ ಮೊತ್ತ.

ಪಿಎಚ್‌ಕ್ಯೂ-9 ಅನ್ನು ಒಮ್ಮೆ ನಮ್ಮ ತೋಟಕ್ಕೆ ತಂದು ನೋಡೋಣ. ಕಳೆದ ಎರಡು ವಾರಗಳಲ್ಲಿ ಇಂತಿಂಥ ತೊಂದರೆ ಎಷ್ಟು ದಿನ ಕಾಡಿತು ಎಂದು ಅದು ಕೇಳುತ್ತದೆ. ಪ್ರತಿ ಪ್ರಶ್ನೆಗೆ ಸೊನ್ನೆಯಿಂದ ಮೂರರವರೆಗೆ ಅಂಕ, ಒಟ್ಟು 27. ಹತ್ತು ಅಥವಾ ಅದಕ್ಕಿಂತ ಹೆಚ್ಚು ಬಂದರೆ ಖಿನ್ನತೆ ಇರಬಹುದೆಂದು ಮುಂದಿನ ತಪಾಸಣೆ. ಜನವರಿಯಲ್ಲಿ, ರೊಬಸ್ಟಾ ಕೊಯ್ಲಿನ ನಡುವೆ, ಸಿದ್ದಾಪುರದ ಕಡೆಯ ಒಂದು ತೋಟದಲ್ಲಿ ಇದನ್ನು ಕೇಳಿದರು ಎಂದಿಟ್ಟುಕೊಳ್ಳಿ. ನಿದ್ದೆ ಬರುವುದಿಲ್ಲವೇ? ರಾತ್ರಿ ಲೈನ್ ಹಿಂದೆ ಆನೆ ನಿಂತಿದ್ದರೆ ಯಾರಿಗೆ ನಿದ್ದೆ ಬರುತ್ತದೆ: ಮೂರು ಅಂಕ. ಸುಸ್ತೇ? ದಿನವಿಡೀ ಹಣ್ಣು ಕೊಯ್ದು, ಸಂಜೆ ಮೂಟೆ ಹೊತ್ತು ತಂದು ಅಳೆಸಿದವರಿಗೆ: ಇನ್ನು ಮೂರು. ಎರಡೇ ಪ್ರಶ್ನೆಗೆ ಆರಾಯಿತು, ಹತ್ತಕ್ಕೆ ನಾಲ್ಕೇ ಬಾಕಿ. ಏಳನೆಯ ಪ್ರಶ್ನೆ ಪತ್ರಿಕೆ ಓದುವಾಗ ಅಥವಾ ಟಿ.ವಿ. ನೋಡುವಾಗ ಗಮನ ಇಡಲು ಆಗುತ್ತದೆಯೇ ಎಂದು. ಓದು ಬಾರದ, ಮನೆಯಲ್ಲಿ ಆದಿವಾಸಿ ಯರವರ ನುಡಿ ಆಡುವ ಹೆಣ್ಣುಮಗಳು ಇದಕ್ಕೆ ಏನು ಹೇಳಬೇಕು? ಒಂಬತ್ತನೆಯದು ಸಾಯುವ ಯೋಚನೆಯ ಬಗ್ಗೆ. ಪಕ್ಕದಲ್ಲಿ ತೋಟದ ಲೆಕ್ಕ, ಉಸ್ತುವಾರಿ ನೋಡುವ ರೈಟರ್ ನಿಂತಿದ್ದರೆ ಅದಕ್ಕೆ ಸತ್ಯವಾದ ಉತ್ತರ ಹುಟ್ಟುವುದಿಲ್ಲ. ಅದೇ ಹೆಣ್ಣುಮಗಳು ಆಸ್ಪತ್ರೆಗೆ ಹೋದಾಗ ಹೇಳಿಕೊಳ್ಳುವುದು ಮೈಕೈ ನೋವು, ತಲೆ ಭಾರ, ಎದೆ ಉರಿ. ಅವುಗಳಲ್ಲಿ ಒಂದೂ ಈ ಒಂಬತ್ತರಲ್ಲಿ ಇಲ್ಲ.

ಅಂದರೆ ಈ ಪಟ್ಟಿ ಇಲ್ಲಿ ಖಿನ್ನತೆ ಇಲ್ಲದ ಕಡೆ ಕಾಣಬಹುದು, ಇರುವ ಕಡೆ ಕಾಣದೆಯೂ ಹೋಗಬಹುದು. ಪಟ್ಟಿ ಕೆಟ್ಟದ್ದೆಂದಲ್ಲ, ಅದು ರೂಪುಗೊಂಡದ್ದು ಅಮೆರಿಕದ ಚಿಕಿತ್ಸಾಲಯಗಳ ರೋಗಿಗಳ ಮೇಲೆ. ಇಲ್ಲಿಗೆ ಹೊಂದಿಸಬೇಕಾದರೆ ಯಾರಾದರೂ ಕುಳಿತು, ಕೊಯ್ಲಿನ ಕಾಲದಲ್ಲೊಮ್ಮೆ, ಮಳೆಗಾಲದಲ್ಲೊಮ್ಮೆ, ಮನೋವೈದ್ಯರ ನೇರ ತಪಾಸಣೆಯ ಜೊತೆಗೆ ಹೋಲಿಸಿ, ಹತ್ತು ಎಂಬ ಗಡಿ ಇಲ್ಲಿ ಎಷ್ಟಾಗಬೇಕು ಎಂದು ಕಂಡುಹಿಡಿಯಬೇಕು. ಬಲು ನಿಧಾನದ, ಬೆವರಿನ ಕೆಲಸ. ಮುಗಿಸಿದ ಮೇಲೆ ಅದನ್ನು ಉಲ್ಲೇಖಿಸುವವರು ಯಾರು? ಐದೂವರೆ ಲಕ್ಷ ಜನರಿರುವ ಜಿಲ್ಲೆಯ, ಅದರಲ್ಲೂ ತೋಟದ ಕಾರ್ಮಿಕರ ಕುರಿತ ಪ್ರಬಂಧಕ್ಕೆ ಹತ್ತು ಉಲ್ಲೇಖ ಬಂದರೆ ದೊಡ್ಡದು. ಅಷ್ಟೇ ಸಮಯದಲ್ಲಿ ಇದೇ ಸಂಶೋಧಕ ಮಡಿಕೇರಿಯ ಕಾಲೇಜು ವಿದ್ಯಾರ್ಥಿಗಳಿಗೆ ಗೂಗಲ್ ಫಾರ್ಮ್ ಕಳುಹಿಸಿ ಮೊಬೈಲ್ ಗೀಳಿನ ಬಗ್ಗೆ ನಾಲ್ಕು ಪ್ರಬಂಧ ಬರೆಯಬಹುದು, ಅವುಗಳನ್ನು ಜಗತ್ತಿನ ಎಲ್ಲ ಕಡೆಯ ಮೊಬೈಲ್ ಗೀಳಿನ ಪ್ರಬಂಧಗಳು ಉಲ್ಲೇಖಿಸುತ್ತವೆ. ನನ್ನ ತಕರಾರು ಇರುವುದು ಇಲ್ಲಿ: ಈ ಜಿಲ್ಲೆಗೆ ಯಾವ ಕೆಲಸ ಬೇಕೋ ಸರಿಯಾಗಿ ಅದೇ ಕೆಲಸ ಈ ಲೆಕ್ಕದ ಬಲೆಯಿಂದ ಜಾರಿಹೋಗುತ್ತದೆ.

ಎಲ್ಲ ಕಾಲಕ್ಕೂ ಜಾರಿಹೋಗುತ್ತದೆ ಎಂದಲ್ಲ. ಭಾರತ ಮೂಲದ ಮನೋವೈದ್ಯ ವಿಕ್ರಮ್ ಪಟೇಲ್ ಇಂದು ಜಾಗತಿಕ ಮಾನಸಿಕ ಆರೋಗ್ಯದಲ್ಲಿ ಅತಿ ಹೆಚ್ಚು ಉಲ್ಲೇಖ ಪಡೆಯುವವರಲ್ಲಿ ಒಬ್ಬರು. ಅವರು 1990ರ ದಶಕದಲ್ಲಿ ಮಾಡಿದ ಒಂದು ಕೆಲಸವೆಂದರೆ ಜಿಂಬಾಬ್ವೆಯಲ್ಲಿ ಶೋನಾ ಜನ ತಮ್ಮ ಸಂಕಟವನ್ನು ಹೇಗೆ ಹೇಳಿಕೊಳ್ಳುತ್ತಾರೋ ಅದರಿಂದಲೇ 14 ಪ್ರಶ್ನೆಗಳ ಪಟ್ಟಿಯೊಂದನ್ನು ಸಹೋದ್ಯೋಗಿಗಳ ಜೊತೆ ಕಟ್ಟಿದ್ದು. ಅಂದಿಗೆ ಅದು ಒಂದು ದೇಶದ ಒಂದು ನುಡಿಯ ಸಣ್ಣ ಸಂಗತಿ. 2016ರಲ್ಲಿ ಡಿಕ್ಸನ್ ಚಿಬಾಂಡ ಮತ್ತು ಸಂಗಡಿಗರು ಹರಾರೆಯ 24 ಚಿಕಿತ್ಸಾಲಯಗಳಲ್ಲಿ, ಬೆಂಚಿನ ಮೇಲೆ ಕುಳಿತ ಹಿರಿಯ ಹೆಂಗಸರಿಂದಲೇ ಆಪ್ತಸಮಾಲೋಚನೆ ಕೊಡಿಸಿದ ಪ್ರಯೋಗದ ಫಲವನ್ನು ಅಮೆರಿಕದ ಹೆಸರಾಂತ ವೈದ್ಯಕೀಯ ಪತ್ರಿಕೆ ಜಾಮಾದಲ್ಲಿ ಪ್ರಕಟಿಸಿದಾಗ, ಗುಣವಾಯಿತೋ ಇಲ್ಲವೋ ಎಂದು ಅಳೆದದ್ದು ಅದೇ ಶೋನಾ ಪಟ್ಟಿಯಿಂದ. ಮುಂದಿನ ವರ್ಷ ಪಟೇಲ್ ತಂಡ ಗೋವಾದ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ವೈದ್ಯರಲ್ಲದ ಸ್ಥಳೀಯರಿಗೆ ತರಬೇತಿ ಕೊಟ್ಟು ಖಿನ್ನತೆಗೆ ಮಾತಿನ ಚಿಕಿತ್ಸೆ ನೀಡಿದ ಅಧ್ಯಯನ ಲ್ಯಾನ್ಸೆಟ್‌ನಲ್ಲಿ ಬಂತು. ಸ್ಥಳೀಯವಾದದ್ದು ಜಗತ್ತಿಗೆ ಸಲ್ಲಲು ಸುಮಾರು ಇಪ್ಪತ್ತು ವರ್ಷ ಹಿಡಿಯಿತು. ಬಡ್ತಿಗೂ ರ‍್ಯಾಂಕಿಗೂ ಹತ್ತಿರದ ಕೆಲವೇ ವರ್ಷಗಳ ಪ್ರಕಟಣೆ ಕೇಳುವ ವ್ಯವಸ್ಥೆ ಅಷ್ಟು ಕಾಯುವುದಿಲ್ಲ.

ಉಲ್ಲೇಖದ ಲೆಕ್ಕಕ್ಕೆ ಸಿಗದಂತೆ ಪರಿಣಾಮ ಬೀರುವ ಸಂಶೋಧನೆಯೂ ಉಂಟು, ಅದಕ್ಕೆ ದೂರ ಹೋಗಬೇಕಿಲ್ಲ. 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಕಾರ್ಯಕರ್ತರಿಗೂ ತರಬೇತಿ ಕೊಟ್ಟು, ಮಾನಸಿಕ ಕಾಯಿಲೆಯ ಮಾತ್ರೆಗಳು ಊರಿನ ಹತ್ತಿರವೇ ಸಿಗುವಂತೆ ಮಾಡಿ ನೋಡಿತು. 1996ರಲ್ಲಿ ದೇಶದಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾದದ್ದು ಆ ಮಾದರಿಯ ಮೇಲೆ. ಸೋಮವಾರಪೇಟೆಯಲ್ಲೋ ವಿರಾಜಪೇಟೆಯಲ್ಲೋ ತಾಲ್ಲೂಕು ಆಸ್ಪತ್ರೆಗೆ ಹೋಗಿ, ಮಂಗಳವಾರದ ಮನೋಚೈತನ್ಯ ಕ್ಲಿನಿಕ್ಕಿನಲ್ಲಿ ಚೀಟಿ ಬರೆಸಿಕೊಂಡು ಬರುವವರು ಆ ಬಳ್ಳಾರಿ ಪ್ರಯೋಗದ ಫಲಾನುಭವಿಗಳೇ. ಅವರು ಯಾರೂ ಎಲ್ಲಿಯೂ ಅಡಿಟಿಪ್ಪಣಿ ಹಾಕುವುದಿಲ್ಲ.

ಕನ್ನಡದಲ್ಲಿ ಬರೆದದ್ದಂತೂ ಲೆಕ್ಕಕ್ಕೇ ಬಾರದು. ಮೈಸೂರು ವಿಶ್ವವಿದ್ಯಾಲಯದಲ್ಲಿ 1924ರಲ್ಲೇ ಮನೋವಿಜ್ಞಾನ ವಿಭಾಗ ಕಟ್ಟಿದ, 1935ರಲ್ಲಿ ತಮ್ಮ ಮನೆಯಲ್ಲೇ ರೇಡಿಯೊ ಕೇಂದ್ರ ನಡೆಸಿದ ಎಂ.ವಿ. ಗೋಪಾಲಸ್ವಾಮಿ ಇಂದಿನ ಆಯ್ಕೆ ಸಮಿತಿಯ ಮುಂದೆ ಬಂದು ಕುಳಿತಿದ್ದರೆ ಸ್ಕೋಪಸ್ ಅಂಕಿ ಕೇಳಿ ಏನು ಹೇಳುತ್ತಿದ್ದರೋ.

ಇಷ್ಟು ಹೇಳಿದ ಮೇಲೆ ಇನ್ನೊಂದು ಮಗ್ಗುಲನ್ನೂ ಹೇಳಬೇಕು. ಉಲ್ಲೇಖ ಕಡಿಮೆ ಇರುವವರೆಲ್ಲ ಎಲೆಮರೆಯ ಕಾಯಿಗಳಲ್ಲ. ಸ್ಥಳೀಯ ಸಮಸ್ಯೆ ಎಂಬ ಹೆಸರಿನಲ್ಲಿ ನಲವತ್ತು ಜನರಿಗೆ ಪ್ರಶ್ನೆ ಕೇಳಿ, ಹಣ ಕಟ್ಟಿಸಿಕೊಂಡು ಅಚ್ಚು ಹಾಕುವ ಜರ್ನಲ್‌ಗೆ ಕೊಟ್ಟು ಕೈತೊಳೆದುಕೊಂಡ ಪ್ರಬಂಧಗಳು ರಾಶಿ ಇವೆ. ಇದಕ್ಕೆ ದಾರಿ ಮಾಡಿಕೊಟ್ಟದ್ದೂ ಅಂಕಿಯ ಮೋಹವೇ. ಯುಜಿಸಿ 2010ರಲ್ಲಿ ಅಧ್ಯಾಪಕರ ಬಡ್ತಿಗೆ ಅಂಕ ಪದ್ಧತಿ ತಂದಿತು, ಪ್ರಬಂಧಕ್ಕಿಷ್ಟು ಅಂಕ ಎಂದಾಯಿತು, ಅಂಕ ಮಾರುವ ಜರ್ನಲ್‌ಗಳು ನಾಯಿಕೊಡೆಗಳಂತೆ ಎದ್ದವು. 2018ರ ಮೇ ತಿಂಗಳಲ್ಲಿ ಯುಜಿಸಿ ತಾನೇ ಒಪ್ಪಿದ್ದ ಪಟ್ಟಿಯಿಂದ 4,305 ಜರ್ನಲ್‌ಗಳನ್ನು ಕಿತ್ತುಹಾಕಬೇಕಾಯಿತು. ಆಮೇಲೆ ಕೇರ್ ಎಂಬ ಹೊಸ ಪಟ್ಟಿ ಬಂತು, 2025ರ ಫೆಬ್ರುವರಿಯಲ್ಲಿ ಅದೂ ಹೋಯಿತು. ಈಗ ಜರ್ನಲ್‌ನ ಗುಣಮಟ್ಟ ನೋಡಿಕೊಳ್ಳುವುದು ಆಯಾ ಸಂಸ್ಥೆಯ ಹೊಣೆ. ಹೊಣೆ ಕೆಳಗಿಳಿದಷ್ಟೂ ಕೈಗೆಟುಕುವ ಅಂಕಿಗೆ ಜೋತುಬೀಳುವ ಆಸೆ ಹೆಚ್ಚುತ್ತದೆ.

ಅತ್ತ ಉಲ್ಲೇಖ ಹೆಚ್ಚಿದ್ದರೆ ಕೆಲಸ ಗಟ್ಟಿ ಎನ್ನುವ ನಂಬಿಕೆಗೆ ಮನೋವಿಜ್ಞಾನವೇ ದೊಡ್ಡ ಪೆಟ್ಟು ಕೊಟ್ಟಿದೆ. ಹಾನ್ಸ್ ಐಸೆಂಕ್ 1997ರಲ್ಲಿ ತೀರಿಕೊಂಡಾಗ, ಬದುಕಿದ್ದ ಮನೋವಿಜ್ಞಾನಿಗಳಲ್ಲೇ ಜರ್ನಲ್‌ಗಳಲ್ಲಿ ಅತಿ ಹೆಚ್ಚು ಉಲ್ಲೇಖಗೊಂಡವರು ಎನ್ನಿಸಿಕೊಂಡಿದ್ದರು. ಕೆಲವು ಬಗೆಯ ವ್ಯಕ್ತಿತ್ವದವರಿಗೆ ಕ್ಯಾನ್ಸರ್ ಮತ್ತು ಹೃದಯದ ಕಾಯಿಲೆ ಬರುವ ಸಾಧ್ಯತೆ ಬಹಳ ಹೆಚ್ಚು ಎಂದು ರೊನಾಲ್ಡ್ ಗ್ರೊಸಾರ್ತ್-ಮಾಟಿಚೆಕ್ ಜೊತೆ ಅವರು ಬರೆದದ್ದನ್ನು ಆಗಲೇ ಕೆಲವರು ಪ್ರಶ್ನಿಸಿದ್ದರು, ಯಾರೂ ಕಿವಿಗೊಡಲಿಲ್ಲ. 2019ರಲ್ಲಿ ಲಂಡನ್ನಿನ ಕಿಂಗ್ಸ್ ಕಾಲೇಜು ವಿಚಾರಣೆ ನಡೆಸಿ ಅವರಿಬ್ಬರ 26 ಪ್ರಬಂಧಗಳು ನಂಬಲರ್ಹವಲ್ಲ ಎಂದಿತು, ಹಲವನ್ನು ಜರ್ನಲ್‌ಗಳು ಹಿಂಪಡೆದವು. ಐಸೆಂಕ್‌ಗೆ ಬಂದ ಉಲ್ಲೇಖಗಳು ಹಾಗೇ ಉಳಿದಿವೆ.

ಒಬ್ಬರ ಕಥೆ ಅಪವಾದ ಎನ್ನಬಹುದು. ಆದರೆ ನೂರು ಮನೋವಿಜ್ಞಾನ ಅಧ್ಯಯನಗಳನ್ನು ಬೇರೆ ತಂಡಗಳು ಮತ್ತೆ ಮಾಡಿ ನೋಡಿದ ಫಲ 2015ರಲ್ಲಿ ಪ್ರಕಟವಾಯಿತು. ಮೂಲದಲ್ಲಿ ಶೇ 97ರಷ್ಟು ಅಧ್ಯಯನಗಳು ಗಣನೀಯ ಫಲ ತೋರಿಸಿದ್ದರೆ, ಮತ್ತೆ ಮಾಡಿದಾಗ ತೋರಿಸಿದ್ದು ಶೇ 36 ಮಾತ್ರ. 2021ರಲ್ಲಿ ಸೆರಾ-ಗಾರ್ಸಿಯಾ ಮತ್ತು ನೀಜಿ ಇನ್ನೂ ಖಾರವಾದ ಸಂಗತಿ ತೋರಿಸಿದರು: ಮತ್ತೆ ಮಾಡಿದಾಗ ನಿಲ್ಲದ ಪ್ರಬಂಧಗಳಿಗೇ, ನಿಂತವುಗಳಿಗಿಂತ ಹೆಚ್ಚು ಉಲ್ಲೇಖ ಬರುತ್ತದೆ. ಬಿದ್ದುಹೋದದ್ದು ಗೊತ್ತಾದ ಮೇಲೆ ಬಂದ ಉಲ್ಲೇಖಗಳಲ್ಲೂ ಅದನ್ನು ಒಪ್ಪಿಕೊಂಡು ಹೇಳಿದವು ಶೇ 12 ಮಾತ್ರ. ಅಚ್ಚರಿ ಹುಟ್ಟಿಸುವ ಫಲಿತಾಂಶ ಬೇಗ ಓಡಾಡುತ್ತದೆ, ಸಪ್ಪೆಯಾದ ಸತ್ಯ ಕುಳಿತಲ್ಲೇ ಕುಳಿತಿರುತ್ತದೆ.

ಹಾಗಾದರೆ ಮುಂದೆ ಬಂದ ಅರ್ಜಿಯನ್ನು ಓದುವುದು ಹೇಗೆ? ಮೂಟೆ ಎಷ್ಟು ಎಂದು ಕೇಳಿ ಸುಮ್ಮನಾಗುವ ಕಾಫಿ ವ್ಯಾಪಾರಿ ಕೊಡಗಿನಲ್ಲಿ ಇಲ್ಲ. ಔಟ್‌ಟರ್ನ್ (ಒಣ ಹಣ್ಣಿನಿಂದ ಸಿಗುವ ಬೀಜದ ಪ್ರಮಾಣ) ಎಷ್ಟು, ತೇವಾಂಶ ಎಷ್ಟು ಎಂದು ನೋಡಿದ ಮೇಲೆಯೇ ರೊಬಸ್ಟಾ ಚೆರಿಗೆ ದರ. ಪ್ರಾಧ್ಯಾಪಕರ ಉಲ್ಲೇಖದ ಮೂಟೆಯನ್ನೂ ಹಾಗೆಯೇ ಬಿಚ್ಚಬೇಕು. ಅದಕ್ಕೆ ದೊಡ್ಡ ಪರಿಣತಿಯೂ ಬೇಡ, ಗೂಗಲ್ ಸ್ಕಾಲರ್ ಪುಟವನ್ನು ಹತ್ತು ನಿಮಿಷ ನೋಡಿದರೆ ಸಾಕು. ಅಲ್ಲಿ ಪ್ರಬಂಧಗಳು ಉಲ್ಲೇಖದ ಕ್ರಮದಲ್ಲಿ ಕಾಣುತ್ತವೆ. ಮೊದಲ ಮೂರನ್ನು ತೆಗೆದುಹಾಕಿದರೆ ಏನು ಉಳಿಯುತ್ತದೆ ನೋಡಿ. ಆ ಮೂರರಲ್ಲಿ ಇವರು ಎಷ್ಟನೆಯ ಲೇಖಕರು? ನೂರಿಪ್ಪತ್ತು ಜನರಲ್ಲಿ ಎಂಬತ್ತನೆಯವರಾದರೆ ಅದು ಅವರ ಕೆಲಸದ ಅಳತೆ ಆಗಲಾರದು. ಪಟ್ಟಿಯನ್ನು ವರ್ಷದ ಕ್ರಮಕ್ಕೆ ಬದಲಿಸಿ. ವರ್ಷಕ್ಕೆ ಎರಡು ಬರೆಯುತ್ತಿದ್ದವರು ಇದ್ದಕ್ಕಿದ್ದಂತೆ ಮೂವತ್ತು ಬರೆಯತೊಡಗಿದ್ದರೆ ಏಕೆ ಎಂದು ಕೇಳಿ. ಯಾವುದಾದರೊಂದು ಪ್ರಬಂಧದ ಉಲ್ಲೇಖ ಸಂಖ್ಯೆಯ ಮೇಲೆ ಒತ್ತಿದರೆ ಉಲ್ಲೇಖಿಸಿದವರ ಹೆಸರು ತೆರೆಯುತ್ತದೆ. ಅವೇ ಐದಾರು ಹೆಸರುಗಳು ಸುತ್ತಿ ಸುತ್ತಿ ಬರುತ್ತಿದ್ದರೆ ಅದು ಪರಸ್ಪರ ಬೆನ್ನು ತಟ್ಟುವ ಕೂಟ. ಇಂಥ ಕೂಟಗಳ ಹಾವಳಿಗೆ ಬೇಸತ್ತು, ಉಲ್ಲೇಖಗಳ ಲೆಕ್ಕ ಇಡುವ ಕ್ಲಾರಿವೇಟ್ ಸಂಸ್ಥೆ 2023ರಲ್ಲಿ ತನ್ನ ಅತಿ ಉಲ್ಲೇಖಿತ ಸಂಶೋಧಕರ ಪಟ್ಟಿಯಿಂದ ಗಣಿತ ವಿಭಾಗವನ್ನೇ ಕೈಬಿಟ್ಟಿತು.

ಪ್ರಬಂಧದ ಒಳಗೆ ಹೋಗಿ ನೋಡಬೇಕಾದ್ದೂ ಉಂಟು. ಎಷ್ಟು ಜನರನ್ನು, ಯಾವ ಕಾಲದಲ್ಲಿ, ಯಾವ ನುಡಿಯಲ್ಲಿ ಕೇಳಿದರು? ಬಳಸಿದ ಮಾಪಕ ಆ ಜನರಿಗೆ ಹೊಂದುತ್ತದೆಯೇ ಎಂದು ಪರೀಕ್ಷಿಸಿದ್ದರೇ? ಏನು ಹುಡುಕುತ್ತೇವೆ ಎಂದು ಮೊದಲೇ ನೋಂದಾಯಿಸಿದ್ದರೇ? ದತ್ತಾಂಶವನ್ನು ಬೇರೆಯವರಿಗೆ ತೆರೆದಿಟ್ಟಿದ್ದಾರೆಯೇ? ಎಲ್ಲಕ್ಕಿಂತ, ಖಿನ್ನತೆ ಇರುವುದಾಗಿ ಕಂಡುಬಂದವರನ್ನು ಆಮೇಲೆ ಏನು ಮಾಡಿದರು? ಆತ್ಮಹತ್ಯೆಯ ಯೋಚನೆ ಇದೆ ಎಂದು ಉತ್ತರಿಸಿದ ವ್ಯಕ್ತಿಯನ್ನು ಅಂಕಿಯಾಗಿಸಿ ಎದ್ದು ಬಂದರೋ, ಅವತ್ತೇ ಆಸ್ಪತ್ರೆಗೆ ತಲುಪಿಸುವ, ಕನಿಷ್ಠ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416ಕ್ಕೆ ಕರೆ ಮಾಡಿಸುವ ವ್ಯವಸ್ಥೆ ಇಟ್ಟುಕೊಂಡಿದ್ದರೋ? ಈ ಕೊನೆಯ ಪ್ರಶ್ನೆಗೆ ತಡವರಿಸುವವರ ಎಚ್-ಇಂಡೆಕ್ಸ್ ಎಷ್ಟಿದ್ದರೂ ಅವರನ್ನು ಲೈನ್ ಮನೆಗಳ ಕಡೆ ಕಳುಹಿಸಬಾರದು ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಇದು ಹೊಸ ಬೇಡಿಕೆಯೇನೂ ಅಲ್ಲ. ಜರ್ನಲ್‌ನ ಅಂಕಿಯಿಂದ ಸಂಶೋಧಕರನ್ನು ತೂಗಬೇಡಿ, ಕೆಲಸವನ್ನೇ ಓದಿ ಎಂದು 2013ರ ಸ್ಯಾನ್ ಫ್ರಾನ್ಸಿಸ್ಕೊ ಘೋಷಣೆ ಹೇಳಿತು. 2015ರ ಲೈಡೆನ್ ಪ್ರಣಾಳಿಕೆ ಇನ್ನೂ ಬಿಡಿಸಿ, ಸ್ಥಳೀಯವಾಗಿ ಮುಖ್ಯವಾದ ಸಂಶೋಧನೆಯನ್ನು ಕಾಪಾಡಿ ಎಂದಿತು. ಇತ್ತೀಚೆಗೆ ಹಲವು ದೇಶಗಳಲ್ಲಿ ಅನುದಾನ ಕೊಡುವವರು ಪ್ರಕಟಣೆಗಳ ಉದ್ದ ಪಟ್ಟಿಯ ಬದಲು ಆಯ್ದ ಕೆಲವೇ ಪ್ರಬಂಧಗಳನ್ನೂ, ಅವುಗಳಿಂದ ಏನಾಯಿತು ಎಂಬ ವಿವರಣೆಯನ್ನೂ ಕೇಳುತ್ತಿದ್ದಾರೆ.

ಚಿಕ್ಕ ಸಂಸ್ಥೆಗೆ ಇದು ದೊಡ್ಡ ಸಂಸ್ಥೆಗಿಂತ ಸುಲಭ. ನೂರು ಅರ್ಜಿ ಬಂದ ಕಡೆ ಓದಲು ಪುರುಸೊತ್ತಿಲ್ಲ ಎನ್ನಬಹುದು, ಎಂಟು ಅರ್ಜಿ ಬಂದ ಕಡೆ ಹಾಗೆನ್ನಲಾಗದು. ತಲಾ ಮೂರು ಪ್ರಬಂಧ ತರಿಸಿ, ನಿಮ್ಹಾನ್ಸ್‌ನಿಂದಲೋ ಮೈಸೂರಿನಿಂದಲೋ ವಿಷಯ ಬಲ್ಲವರೊಬ್ಬರನ್ನು ಕರೆಸಿ, ತಾಲ್ಲೂಕು ಆಸ್ಪತ್ರೆಯ ಮನೋವೈದ್ಯರೊಬ್ಬರನ್ನೂ ಪಕ್ಕದಲ್ಲಿ ಕೂರಿಸಿ ಒಂದು ದಿನ ಓದಿದರೆ ಮುಗಿಯಿತು. ನಿಮ್ಹಾನ್ಸ್ ಮುಂದಾಳುತನದಲ್ಲಿ 2015-16ರಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ತೊಂದರೆಯ ಬಗೆಗೆ ತಕ್ಕಂತೆ ಶೇ 70ರಿಂದ 92ರಷ್ಟು ಮಂದಿಗೆ ಚಿಕಿತ್ಸೆ ಸಿಗುತ್ತಿಲ್ಲ ಎಂದಿತ್ತು. ಸಮೀಕ್ಷೆಗೆ ಆರಿಸಿದ 12 ರಾಜ್ಯಗಳಲ್ಲಿ ಕರ್ನಾಟಕ ಇರಲಿಲ್ಲ, ಕೊಡಗಿನ ಮಾತಂತೂ ದೂರ. ಹೊಸದಾಗಿ ಬರುವ ಮನೋವಿಜ್ಞಾನಿಗೆ ಕೆಲಸ ಅಲ್ಲಿಂದಲೇ ಶುರುವಾಗಬೇಕು, ಮತ್ತು ಮೊದಲ ಐದು ವರ್ಷ ಅವರ ಉಲ್ಲೇಖದ ಸಂಖ್ಯೆಯನ್ನು ಯಾರೂ ಕೇಳುವುದಿಲ್ಲ ಎಂಬ ಭರವಸೆಯನ್ನು ನೇಮಕಾತಿ ಆದೇಶದ ಜೊತೆಗೇ ಬರೆದು ಕೊಡಬೇಕು.